ಕೀಲ್ ಎತ್ತುವ ಹಗ್ಗ: ಅಳಿಯನಿಗೆ ಕಿವಿಮಾತು

ಟ್ರೇಲರ್ ಮೇಲೆ ಒಯ್ಯುವ ಹಾಯಿದೋಣಿ ಕೊಂಡೆಯಲ್ಲ ಅಳಿಯಾ, ಅದರ ಅಡಿಯ ಭಾರದ ಕೀಲನ್ನು ಎತ್ತಿಳಿಸುವ ವಿಂಚ್‌ಗೆ ಉಕ್ಕಿನ ಕೇಬಲ್ ಬದಲು ಡೈನೀಮಾ ಎಂಬ ಕೃತಕ ನೂಲಿನ ಹಗ್ಗ ಹಾಕುತ್ತೇನೆ ಅಂದದ್ದು ಸರಿಯಾದ ಯೋಚನೆ. ಉಕ್ಕಿನ ಕೇಬಲ್ಲಿಗೆ ಗ್ರೀಸ್ ಬೇಕು, ಆ ಗ್ರೀಸ್ ನೀರಿಗೆ ಇಳಿಯುತ್ತದೆ. ಇಲ್ಲಿ ನಾಸಿಕದವರು ಕುಡಿಯುವುದು ಗಂಗಾಪುರ ಅಣೆಕಟ್ಟಿನ ನೀರು, ನಿಮ್ಮ ಸಂಭಾಜಿನಗರ ಕುಡಿಯುವುದು ಪೈಠಣದ ನಾಥಸಾಗರದ ನೀರು. ನನಗೆ ಇದೊಂದೇ ಕಾರಣ ಸಾಕು.

• ಹಳೇ ಕೇಬಲ್ ಬಿಚ್ಚುವ ಮುಂಚೆ ಕೀಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಡು. ಜ್ಯಾಕ್ ಒಂದನ್ನೇ ನಂಬಬೇಡ. ಕೇಬಲ್ಲಿನ ಮುರಿದ ಎಳೆಗಳು ಅಂಗೈಗೆ ಸೂಜಿಯಂತೆ ಇಳಿಯುತ್ತವೆ. ಚರ್ಮದ ಕೈಗವಸು ಹಾಕಿಕೋ.

• ಹೊಸ ಹಗ್ಗ ಕೆಡುವುದು ಹೆಚ್ಚಾಗಿ ಭಾರದಿಂದಲ್ಲ, ಹಳೇ ಕೇಬಲ್ ಲೋಹದಲ್ಲಿ ಕೊರೆದಿಟ್ಟು ಹೋದ ಗೀರುಗಳಿಂದ. ಡ್ರಮ್ಮಿನ ಅಂಚು, ಪುಲ್ಲಿಯ ತೋಡು, ಹಗ್ಗ ಒಳಹೋಗುವ ಕೊಳವೆಯ ಬಾಯಿ, ಎಲ್ಲದರ ಮೇಲೂ ಬಟ್ಟೆಯ ಚೂರು ಎಳೆದು ನೋಡು. ಬಟ್ಟೆ ಸಿಕ್ಕಿಕೊಂಡ ಕಡೆ ಮೊದಲು ಅರದಿಂದ, ಆಮೇಲೆ ಪಾಲಿಶ್ ಪೇಪರಿನಿಂದ ಉಜ್ಜು. ತೋಡು ಆಳವಾಗಿ ಸವೆದಿದ್ದರೆ ಪುಲ್ಲಿಯನ್ನೇ ಬದಲಿಸು. ಈ ಕೆಲಸಕ್ಕೆ ಅರ್ಧ ದಿನ ಹೋದರೂ ಹೋಗಲಿ. ಉಜ್ಜಿ ನಯ ಮಾಡಲಾಗದ ಚೂಪು ಮೂಲೆ ದಾರಿಯಲ್ಲಿದ್ದರೆ ಉಕ್ಕನ್ನೇ ಉಳಿಸಿಕೊಳ್ಳುವುದು ಮೇಲು.

• ಅಂಗಡಿಯವನು ಬಕೆಟ್ಟಿನಲ್ಲಿ ತೇಲಿಸಿ ತೋರಿಸಿದನೆಂದು ಕೊಳ್ಳಬೇಡ. ಡೈನೀಮಾ ತೇಲುವುದು ನಿಜ, ಆದರೆ ಅಗ್ಗದ ಪಾಲಿಪ್ರೊಪಿಲೀನ್ ಹಗ್ಗವೂ ತೇಲುತ್ತದೆ. ತಯಾರಕರ ಹೆಸರು, ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬ ಬರಹ ಎರಡನ್ನೂ ಕೇಳು. ನೈಲಾನ್ ಅಂತೂ ಬೇಡವೇ ಬೇಡ, ಅದು ಹಿಗ್ಗುತ್ತದೆ.

• ಗಂಟು ಹಾಕಿದರೆ ಈ ಹಗ್ಗದ ಅರ್ಧ ಬಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹೋಗುತ್ತದೆ. ಜಾರುವ ನೂಲಾದ್ದರಿಂದ ಗಂಟೇ ಬಿಚ್ಚಿಕೊಳ್ಳಲೂಬಹುದು. ಕೀಲ್ ಕಡೆಯ ತುದಿಯನ್ನು ಕುಣಿಕೆ ಮಾಡಿ ಹಗ್ಗದ ಹೊಟ್ಟೆಯೊಳಗೇ ತೂರಿಸಿ ಹೆಣೆಯಬೇಕು. ಹನ್ನೆರಡು ಎಳೆಯ ಹೆಣಿಗೆಗೆ ದಪ್ಪದ ಸುಮಾರು 72 ಪಟ್ಟು ಉದ್ದ ಒಳಗಿರಲಿ: 6 ಮಿ.ಮೀ. ಹಗ್ಗವಾದರೆ ಸುಮಾರು 43 ಸೆಂ.ಮೀ. ತೂರಿಸುವ ತುದಿಯನ್ನು ಕ್ರಮೇಣ ತೆಳುವಾಗಿಸಿ, ಮೇಲೆ ದಾರದಿಂದ ಹೊಲಿದು ಬಿಡು. ಕುಣಿಕೆ ಸವೆಯದಂತೆ ಒಳಗೆ ಕೂರಿಸುವ ಥಿಂಬಲ್ ಮರೆಯಬೇಡ.

• ಕೀಲ್ ಪೂರ್ತಿ ಇಳಿದಾಗಲೂ ಡ್ರಮ್ಮಿನ ಮೇಲೆ ಎಂಟು ಸುತ್ತಾದರೂ ಉಳಿಯುವಷ್ಟು ಉದ್ದ ಇರಲಿ. ಉಕ್ಕಿನ ಕೇಬಲ್ಲನ್ನು ಅದುಮಿ ಹಿಡಿಯುತ್ತಿದ್ದ ಬೋಲ್ಟು ಈ ನೂಲನ್ನು ಕತ್ತರಿಸೀತು, ನೋಡಿಕೋ. ಮೊದಲ ಸುತ್ತುಗಳನ್ನು ಭಾರ ಕೊಟ್ಟೇ ಬಿಗಿಯಾಗಿ ಸುತ್ತು, ಇಲ್ಲದಿದ್ದರೆ ಮೇಲಿನ ಸುತ್ತು ಕೆಳಗಿಳಿದು ಸಿಕ್ಕಿಹಾಕಿಕೊಳ್ಳುತ್ತದೆ.

• ಒಂದೇ ಸಮನೆ ಭಾರ ಹೊತ್ತರೆ ಡೈನೀಮಾ ನಿಧಾನವಾಗಿ ಉದ್ದವಾಗುತ್ತದೆ. ಯೇವಲಾ, ವೈಜಾಪುರದ ದಾರಿಯಲ್ಲಿ ದೋಣಿಯನ್ನು ನನ್ನಲ್ಲಿಗೆ ತರುವಾಗ ಕೀಲ್ ಹಗ್ಗಕ್ಕೆ ನೇತಾಡುತ್ತಿರಬಾರದು. ಪಿನ್ ಹಾಕು, ಟ್ರೇಲರಿನ ಮೇಲೆ ಕೂರಿಸು.

• ಮರಾಠವಾಡದ ಬಿಸಿಲಿಗೆ ವಿಂಚ್ ಮೇಲೊಂದು ಹೊದಿಕೆ ಹೊಲಿಸು. ಕಾದ ಎಂಜಿನ್, ವೆಲ್ಡಿಂಗ್ ಕಿಡಿ ಹತ್ತಿರವೂ ಬೇಡ. ಸುಮಾರು 150 ಡಿಗ್ರಿಗೆ ಈ ನೂಲು ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಬಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಂಡೆಯ ಕರಿಮಣ್ಣು ಎಳೆಗಳ ನಡುವೆ ಹೊಕ್ಕು ಒಳಗಿಂದಲೇ ಸವೆಸುತ್ತದೆ. ಬಕೆಟ್ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಮೇಲೆ ತುಸು ಜುಂಗು ಎದ್ದರೆ ಚಿಂತೆಯಿಲ್ಲ. ಗಟ್ಟಿಯಾಗಿ ಹೊಳೆಯುವ ಜಾಗ, ತೆಳುವಾದ ಜಾಗ ಕಂಡರೆ ಹಗ್ಗ ಬದಲಿಸು.

• ಕೀಲ್ ಇಳಿಸುವಾಗ ವಿಂಚಿನ ಹಿಡಿಕೆ ಕೈಬಿಡಬೇಡ. ತಿರುಗಿ ಬಂದರೆ ಮಣಿಕಟ್ಟು ಮುರಿಯುತ್ತದೆ. ಮಕ್ಕಳನ್ನು ಹಗ್ಗದ ನೇರಕ್ಕೆ ನಿಲ್ಲಿಸಬೇಡ.

• ಇದೇ ಹುರುಪಿನಲ್ಲಿ ಹಾಯಿಕಂಬ ಹಿಡಿದಿರುವ ತಂತಿಗಳಿಗೆ ಕೈ ಹಾಕಬೇಡ. ಅದರ ಲೆಕ್ಕಾಚಾರವೇ ಬೇರೆ, ತಿಳಿದವರ ಎದುರಿಗೇ ಆಗಬೇಕು.

• ನಿಮ್ಮ ನಾಥಸಾಗರ, ಅಂದರೆ ಜಾಯಕವಾಡಿ ಜಲಾಶಯ, 1986ರಿಂದ ಪಕ್ಷಿಧಾಮ. ದೋಣಿ ನೀರಿಗಿಳಿಸುವ ಮುಂಚೆ ಅರಣ್ಯ ಇಲಾಖೆ ಮತ್ತು ಜಲಸಂಪನ್ಮೂಲ ಇಲಾಖೆಯ ಅನುಮತಿ ಕೇಳು. ಹಗ್ಗದ ಕತ್ತರಿಸಿದ ತುಂಡು, ನೂಲಿನ ಚೂರು ಒಂದನ್ನೂ ದಂಡೆಯಲ್ಲಿ ಬಿಡಬೇಡ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಆ ನೂಲು ಹರಿಯುವುದಿಲ್ಲ.