ಯಂತ್ರ ಮಾಡುವವರಿಗೂ ಹಣ

ಅಕ್ಕಂದಿರೇ, ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಇಳಿಸಿ ಆಯ್ತು. ಇನ್ನು ಸುಲಿಯಬೇಕು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುಚಬೇಕು. ಕೈ ಜಾರಿದರೆ ಗಾಯ. ಇದಕ್ಕೊಂದು ಒಳ್ಳೆ ಯಂತ್ರ ಬೇಕು ಅನ್ನಿಸಲ್ವಾ?

ಅಂಥ ಹೊಸ ಯಂತ್ರ ಮಾಡುವವರಿಗೂ ಸರ್ಕಾರದ ಹಣ ಉಂಟು. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ 2018-19ರಲ್ಲಿ ಇದು ಶುರುವಾಯಿತು. ಯೋಚನೆಯ ಹಂತದಲ್ಲಿ 5 ಲಕ್ಷ ರೂಪಾಯಿವರೆಗೆ. ಯಂತ್ರ ಮಾಡಿ ಮಾರಲು ಹೊರಟ ಸಣ್ಣ ಉದ್ದಿಮೆಗೆ 25 ಲಕ್ಷದವರೆಗೆ. ಇದು ಸಾಲವಲ್ಲ, ಸಹಾಯಧನ. ಹಾಗಂತ ಕೇಳಿದವರಿಗೆಲ್ಲ ಸಿಗುವುದಿಲ್ಲ. ಯಂತ್ರ ಹೇಗೆ ನಡೆಯುತ್ತದೆ, ಯಾರು ಕೊಳ್ಳುತ್ತಾರೆ ಎಂದು ತಿಳಿದವರ ಮುಂದೆ ಹೇಳಬೇಕು.

ಕೈ ಎಲ್ಲಿ ಜಾರುತ್ತೆ ಅನ್ನೋದು ಕಾಯಿ ಸುಲಿದವರಿಗೇ ಗೊತ್ತು! ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಅರ್ಜಿಯನ್ನು ನೀವೇ ಓದಿ, ಆಮೇಲೆ ಸಹಿ ಹಾಕಿ.