ಅವ್ವನನ್ನು ಹುಲಿಗಿಗೆ ಕರೆದೊಯ್ದರೆ ನನ್ನ ವಿಶ್ವಾಸ ಅರೆಬರೆಯೇ?

ಪ್ರಶ್ನೆ: ನನಗೆ 27 ವರ್ಷ, ಊರು ಇರಕಲ್ಲಗಡ. ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಕೆಲವು ವರ್ಷಗಳಿಂದ ಯೇಸುವನ್ನು ನಂಬಿ ನಡೆಯುತ್ತಿದ್ದೇನೆ. ಅವ್ವ ನಂಬಿಲ್ಲ. ಹುಣ್ಣಿಮೆ ಬಂತೆಂದರೆ ನಾನೇ ಬೈಕಿನಲ್ಲಿ ಅವಳನ್ನು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದೊಯ್ಯುತ್ತೇನೆ. ಸಭೆಯ ಹಿರಿಯರೊಬ್ಬರು ‘ನಿನ್ನದು ಉಗುರುಬೆಚ್ಚಗಿನ ವಿಶ್ವಾಸ’ ಎಂದರು. ಅಂದಿನಿಂದ ನಿದ್ದೆಯಿಲ್ಲ. ಕೆಲಸ ಬಿಟ್ಟು ಪೂರ್ತಿ ಸೇವೆಗೆ ಇಳಿಯಲೇ? ಅವ್ವನಿಗೆ ಕೊಡುವ ಹಣವನ್ನೂ ಸಭೆಗೇ ಕೊಡಬೇಕೆನಿಸುತ್ತಿದೆ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಂಬಿದ್ದಕ್ಕೆ ಪೂರ್ತಿ ಒಪ್ಪಿಸಿಕೊಳ್ಳಬೇಕು ಎಂಬ ಆಸೆ ಒಂದು ಕಡೆ, ಹೆತ್ತವಳ ಮೇಲಿನ ಪ್ರೀತಿ ಇನ್ನೊಂದು ಕಡೆ. ಎರಡೂ ನಿಜವಾದ್ದರಿಂದಲೇ ಇಷ್ಟು ಸಂಕಟ. ಹಿರಿಯರು ನಿಮ್ಮ ಒಳಿತಿಗೇ ಹೇಳಿರಬಹುದು. ಆದರೆ ಒಳಿತಿಗೆ ಹೇಳಿದ ಮಾತೂ ನೋಯಿಸುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದಿಲ್ಲ.

ಆ ‘ಉಗುರುಬೆಚ್ಚಗಿನ’ ಮಾತು ಪ್ರಕಟನೆ ಗ್ರಂಥದ ಮೂರನೆಯ ಅಧ್ಯಾಯದ್ದು. ಅಲ್ಲಿ ಅದು ಯಾರಿಗೆ ಹೇಳಿದ್ದು ನೋಡಿ. ನಾವು ಐಶ್ವರ್ಯವಂತರು, ನಮಗೇನೂ ಕೊರತೆಯಿಲ್ಲ ಎಂದು ನೆಮ್ಮದಿಯಿಂದಿದ್ದ ಲವೊದಿಕೀಯದ ಸಭೆಗೆ. ‘ನನ್ನಲ್ಲಿ ಕೊರತೆಯಿದೆ’ ಎಂದು ರಾತ್ರಿಯೆಲ್ಲ ಹೊರಳಾಡುವವರಿಗೆ ಆ ಪತ್ರದ ವಿಳಾಸ ಹೊಂದುವುದಿಲ್ಲ.

ಇನ್ನು ಹುಲಿಗಿಯ ಮಾತು. ಅರಸುಗಳ ಎರಡನೆಯ ಪುಸ್ತಕದ ಐದನೆಯ ಅಧ್ಯಾಯದಲ್ಲಿ ನಾಮಾನನೆಂಬ ಸೇನಾಪತಿಯ ಕತೆ ಬರುತ್ತದೆ. ಯೊರ್ದನ್ ನದಿಯಲ್ಲಿ ಮುಳುಗೆದ್ದು ಕುಷ್ಠ ವಾಸಿಯಾದ ಮೇಲೆ ಅವನು ಇಸ್ರಾಯೇಲಿನ ದೇವರೊಬ್ಬನನ್ನೇ ನಂಬಿದ. ಆದರೆ ಅವನಿಗೂ ನಿಮ್ಮದೇ ಕಷ್ಟ. ಒಡೆಯನಾದ ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ಇವನ ಕೈ ಊರಿಕೊಂಡೇ ಹೋಗುತ್ತಾನೆ, ಇವನೂ ಜೊತೆಯಲ್ಲಿ ಬಾಗಬೇಕು. ಅದನ್ನು ಕ್ಷಮಿಸಲಿ ಎಂದು ಕೇಳಿಕೊಂಡಾಗ ಪ್ರವಾದಿ ಎಲೀಷ ಬೈಯಲಿಲ್ಲ, ಕೆಲಸ ಬಿಡು ಎನ್ನಲಿಲ್ಲ, ಸಮಾಧಾನದಿಂದ ಹೋಗು ಎಂದು ಕಳಿಸಿದ. ವಯಸ್ಸಾದ ಅವ್ವ ಬೈಕಿನ ಹಿಂದೆ ನಿಮ್ಮ ಹೆಗಲು ಹಿಡಿದು ಕೂರುವುದೂ ಇಂಥದ್ದೇ ಎಂದು ನನಗನಿಸುತ್ತದೆ. ಬೇರೆಯಾಗಿ ಓದುವವರೂ ಇದ್ದಾರೆ, ಅವರೊಂದಿಗೆ ನನ್ನ ಜಗಳವಿಲ್ಲ. ‘ಅವ್ವಾ, ಕರಕೊಂಡು ಹೋಗ್ತೀನಿ, ಕಾಯಿ ಒಡಿಸೋದು ನಿನ್ನದು, ನಾ ಹೊರಗ ಕುಂತಿರ್ತೀನಿ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟಷ್ಟೂ ಅದು ಒಳಗೊಳಗೇ ಕೊರೆಯುತ್ತದೆ.

ಹಣದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಇದು ಕೊರ್ಬಾನ್, ದೇವರಿಗೆ ಮೀಸಲು’ ಎಂದು ತಪ್ಪಿಸುವವರನ್ನು ಯೇಸುವೇ ಗದರಿಸಿದ್ದು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಅವ್ವನ ಗುಳಿಗೆ, ರೇಷನ್ನಿನ ದುಡ್ಡು ಮುಟ್ಟಬೇಡಿ. ಸಭೆಗೆ ಕೊಡುವ ದಶಾಂಶದ ಮಾತು ಆಮೇಲೆ.

ಸದ್ಯಕ್ಕೆ ಕೆಲಸ ಬಿಡಬೇಡಿ. ಪೌಲನು ಕೊರಿಂಥದಲ್ಲಿ ಗುಡಾರ ಹೊಲಿದು ದುಡಿಯುತ್ತಲೇ ಸುವಾರ್ತೆ ಸಾರಿದವನು. ಹೊಸದಾಗಿ ಬಂದ ಗುತ್ತಿಗೆ ಹುಡುಗನಿಗೆ ಹೆಲ್ಮೆಟ್ ಕೊಡಿಸುವುದು, ಓಟಿ ಲೆಕ್ಕದಲ್ಲಿ ಸುಳ್ಳು ಬರೆಯದಿರುವುದು, ಬೈದ ಸೂಪರ್‌ವೈಸರನ ಮೇಲೆ ಹಗೆ ಸಾಧಿಸದಿರುವುದು, ಪೂರ್ಣ ಮನಸ್ಸಿನ ವಿಶ್ವಾಸಕ್ಕೆ ಇಲ್ಲೇ ಬೇಕಾದಷ್ಟು ಕೆಲಸವಿದೆ. ಸೇವೆಗೆ ಕರೆ ಬಂದಿದೆ ಎನಿಸಿದರೆ ಆರು ತಿಂಗಳು ಕಾಯಿರಿ. ಆಗಲೂ ಹಾಗೇ ಅನಿಸಿದರೆ ಸಭಾಪಾಲಕರೊಂದಿಗೆ, ಅವ್ವನೊಂದಿಗೆ ಕೂತು ಮಾತಾಡಿ.

ಬೇರೆ ನಂಬಿಕೆಯವರ ಸಂಗ ಬಿಟ್ಟರೇ ವಿಶ್ವಾಸ ಗಟ್ಟಿ ಎನ್ನುವವರಿಗೆ ಉತ್ತಂಗಿ ಚನ್ನಪ್ಪನವರನ್ನು ನೆನಪಿಸುವುದುಂಟು. ಬಾಸೆಲ್ ಮಿಷನ್ನಿನ ಕ್ರೈಸ್ತ ಬೋಧಕರು ಅವರು. 1924ರಲ್ಲಿ ಸರ್ವಜ್ಞನ ವಚನಗಳನ್ನು ಕೂಡಿಸಿ ಪ್ರಕಟಿಸಿದರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಯೇಸುವನ್ನೂ ಬಿಡಲಿಲ್ಲ, ನೆರೆಯವರನ್ನೂ ಬಿಡಲಿಲ್ಲ.

ಈ ಅಂಕಣ ಓದುವ ಸಭೆಯ ಹಿರಿಯರಲ್ಲಿ ಒಂದು ಕೋರಿಕೆ: ರಾತ್ರಿ ಪಾಳಿ ಮುಗಿಸಿ ಬಂದು ಭಾನುವಾರದ ಆರಾಧನೆಯಲ್ಲಿ ತೂಕಡಿಸುವ ಹುಡುಗನ ವಿಶ್ವಾಸವನ್ನು ಅಳೆಯುವ ಮೊದಲು, ಊಟ ಆಯ್ತಾ ಎಂದು ಕೇಳಿ.

ಕೊನೆಯದಾಗಿ ನಿಮ್ಮ ನಿದ್ದೆ. ಸಾಯುವಷ್ಟು ದಣಿದಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಉಪದೇಶವಲ್ಲ. ನಿದ್ದೆಗೆಟ್ಟು ಯಂತ್ರಗಳ ನಡುವೆ ನಿಲ್ಲುವುದು ಅಪಾಯ. ಇನ್ನೂ ಒಂದು ವಾರ ಹೀಗೇ ಆದರೆ, ಅಥವಾ ಬದುಕೇ ಬೇಡ ಎನಿಸಿದರೆ ಆ ಕ್ಷಣವೇ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.