ಗಾಜಿನ ಮಾರ್ಜನ: ಒರಸುವ ವಸ್ತ್ರದ ವಿವೇಚನೆ

ತೊಳೆ, ಉಜ್ಜು, ಒರಸು, ಬಳಿ ಎಂಬ ನಾಲ್ಕು ಧಾತುಗಳು ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ಕ್ರಿಯೆಗಳನ್ನು ಸೂಚಿಸುತ್ತವೆ. ಕೊಳೆಯನ್ನು ನೀರಿನೊಡನೆ ಹರಿಯಗೊಡುವುದು ತೊಳೆಯುವುದು; ಒತ್ತಡದಿಂದ ಅದನ್ನು ಸಡಿಲಿಸುವುದು ಉಜ್ಜುವುದು; ಸಡಿಲಗೊಂಡುದನ್ನು ವಸ್ತ್ರಕ್ಕೆ ಏರಿಸಿಕೊಂಡು ಆಚೆಗೆ ಒಯ್ಯುವುದು ಒರಸುವುದು; ಒಯ್ಯದೆ ಅಲ್ಲಿಯೇ ಹರಡುವುದು ಬಳಿಯುವುದು. ಸಂಸ್ಕೃತದ ‘ಮೃಜ್’ ಧಾತುವಿಗೆ ಶುದ್ಧಿಗೊಳಿಸು ಎಂದರ್ಥ. ಮಾರ್ಜನ, ಸಮ್ಮಾರ್ಜನಿ ಎಂಬ ಪದಗಳು ಅದರಿಂದಲೇ ಹುಟ್ಟಿದವು. ತನ್ನ ಮೈಯನ್ನು ತಾನೇ ಶುಚಿಮಾಡಿಕೊಳ್ಳುವ ಬೆಕ್ಕಿಗೆ ಮಾರ್ಜಾಲವೆಂಬ ಹೆಸರೂ ಆ ಧಾತುವಿನಿಂದ ಬಂದುದೆಂದು ಹೇಳುವುದುಂಟು. ಕಿಟಕಿಯ ಗಾಜನ್ನು ಶುಚಿಗೊಳಿಸುವಾಗ ನಾವು ಒರಸುತ್ತಿದ್ದೇವೆಂದು ಭಾವಿಸಿ ಬಳಿಯುತ್ತಿರುವ ಸಂದರ್ಭಗಳೇ ಅಧಿಕ. ಈ ಭೇದವನ್ನು ನಿರ್ಣಯಿಸುವುದು ಬಹುಮಟ್ಟಿಗೆ ಕೈಯಲ್ಲಿರುವ ವಸ್ತ್ರ.

ಇದು ಅಲ್ಪವಿಷಯವೆಂದು ಉಪೇಕ್ಷಿಸತಕ್ಕುದಲ್ಲ. ಶಿವಮೊಗ್ಗವು ಮಲೆನಾಡಿನ ಹೆಬ್ಬಾಗಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನಗಳೇ ಹೆಚ್ಚು. ವಿದ್ಯುತ್ತು ಹೋದಾಗ ತರಗತಿಗೆ ಕಿಟಕಿಯೇ ದೀಪ. ಹೊರಗಿನಿಂದ ಕೆಮ್ಮಣ್ಣಿನ ಸಿಡಿತವೂ ಒಳಗಿನಿಂದ ಸೀಮೆಸುಣ್ಣದ ಹುಡಿಯೂ ಗಾಜಿಗೆ ಹತ್ತಿದರೆ, ಕಿಟಕಿಗೆ ದೂರವಾದ ಬೆಂಚಿನಲ್ಲಿ ಕುಳಿತ ಬಾಲಕನಿಗೆ ಅಕ್ಷರಗಳು ಮಸುಕಾಗುತ್ತವೆ. ಸ್ವಚ್ಛವಾದ ಗಾಜು ವಿದ್ಯಾದಾನದ ಒಂದು ಅಂಗವೆಂದೇ ತಿಳಿಯಬೇಕು.

ಒರಸಿದ ಮೇಲೂ ಗಾಜಿನಲ್ಲಿ ಗೆರೆಗಳು ಉಳಿಯಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ. ಮೊದಲನೆಯದು ಗಡಸು ನೀರು: ಕೊಳವೆಬಾವಿಯ ನೀರು ಆರಿದಾಗ ಅದರಲ್ಲಿ ಕರಗಿದ್ದ ಸುಣ್ಣದಂಶವು ಬಿಳಿಯ ಕಲೆಯಾಗಿ ನಿಲ್ಲುತ್ತದೆ. ಎರಡನೆಯದು ಸಾಬೂನಿನ ಆಧಿಕ್ಯ: ಗಡಸು ನೀರಿನೊಡನೆ ಸೇರಿ ಅದು ಕರಗದ ಗಷ್ಟಾಗುತ್ತದೆ. ಮೂರನೆಯದು ಬೆರಳಿನ ಜಿಡ್ಡು. ನಾಲ್ಕನೆಯದು ಬಟ್ಟೆಯೇ ಉದುರಿಸುವ ನೂಲಿನೆಳೆ. ಕೊನೆಯದು ವಸ್ತ್ರದ್ದೇ ದೋಷ. ಉಳಿದ ಮೂರೂ, ವಸ್ತ್ರವು ತೇವವನ್ನು ಪೂರ್ತಿಯಾಗಿ ಹೀರಿ ಒಯ್ದರೆ ಬಹುಪಾಲು ನಿವಾರಣೆಯಾಗುತ್ತವೆ.

ಇನ್ನು ವಸ್ತ್ರಗಳ ತಾರತಮ್ಯ. ಹೊಸ ಬಟ್ಟೆಯಲ್ಲಿ ಗಂಜಿಯಿರುತ್ತದೆ. ಅದು ನೀರನ್ನು ಹೀರದು. ಟರ್ಕಿ ಟವೆಲ್ಲು ಹೀರುತ್ತದೆ, ಆದರೆ ಎಳೆಗಳನ್ನು ಬಿಡುತ್ತದೆ. ಟೆರಿಲಿನ್ ಅಂಗಿಯ ತುಂಡು ನೀರನ್ನು ಹೀರದೆ ಮುಂದಕ್ಕೆ ತಳ್ಳುತ್ತದೆ. ಇದೇ ಬಳಿಯುವುದಕ್ಕೆ ತಕ್ಕ ನಿದರ್ಶನ. ಹಲವು ವರ್ಷ ಉಟ್ಟು, ನೂರಾರು ಬಾರಿ ಒಗೆದು, ಗಂಜಿಯೂ ಸಡಿಲ ಎಳೆಗಳೂ ಹೋದ ಹತ್ತಿಯ ಪಂಚೆ ಈ ಕಾರ್ಯಕ್ಕೆ ಅತ್ಯುತ್ತಮ. ನಮ್ಮ ಹಿರಿಯರು ಹಳೆಯ ಪಂಚೆಯನ್ನು ಎಸೆಯದೆ ಇಡುತ್ತಿದ್ದುದರಲ್ಲಿ ಮಿತವ್ಯಯದೊಡನೆ ಅನುಭವದ ಜ್ಞಾನವೂ ಇದ್ದಿತು.

ಹಳೆಯ ವೃತ್ತಪತ್ರಿಕೆಯ ವಿಚಾರ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಸಲ್ಲುವಂಥದು. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂ.ಪಿ.ಎಂ., 1980ರ ದಶಕದಿಂದ ಪತ್ರಿಕೆಗಳ ಮುದ್ರಣಕ್ಕೆ ಬೇಕಾದ ಕಾಗದವನ್ನೂ ತಯಾರಿಸುತ್ತಿದ್ದಿತು. ಈಗ ಅಲ್ಲಿ ಉತ್ಪಾದನೆ ನಿಂತಿದೆ. ಆ ಬಗೆಯ ಕಾಗದಕ್ಕೆ ನುಣುಪಿನ ಲೇಪವಿಲ್ಲ. ಆದುದರಿಂದ ತೇವವನ್ನು ಬೇಗ ಹೀರುತ್ತದೆ, ಎಳೆ ಉದುರಿಸುವುದೂ ಕಡಮೆ. ಮುದುಡಿದಾಗ ಉಂಟಾಗುವ ಮಡಿಕೆಗಳು ಜಿಡ್ಡನ್ನು ಕೆರೆದು ತೆಗೆಯುತ್ತವೆ. ಆದರೆ ಮುದ್ರಣದ ಮಸಿ ಕೈಗೂ ಬಿಳಿಯ ಬಣ್ಣದ ಚೌಕಟ್ಟಿಗೂ ಹತ್ತುತ್ತದೆ. ಹೊಳಪಿನ ಪುರವಣಿಗಳು ಹೀರುವುದಿಲ್ಲವಾದ್ದರಿಂದ ಅವು ಅಯೋಗ್ಯ.

ಇತ್ತೀಚೆಗೆ ಅಂಗಡಿಗಳಲ್ಲಿ ದೊರೆಯುವ ಮೈಕ್ರೋಫೈಬರ್ ಬಟ್ಟೆಯು ಪಾಲಿಯೆಸ್ಟರ್ ಮತ್ತು ನೈಲಾನ್ ಎಳೆಗಳಿಂದಾದುದು. 9000 ಮೀಟರ್ ಉದ್ದದ ಎಳೆ 1 ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ಈ ಎಳೆಗಳು ಅದಕ್ಕಿಂತಲೂ ಸೂಕ್ಷ್ಮ. ಸೀಳಿದ ಆ ಎಳೆಗಳ ನಡುವಿನ ಸಂದುಗಳು ನೀರನ್ನೂ ಜಿಡ್ಡನ್ನೂ ಹಿಡಿದಿಡುತ್ತವೆ. ಟೆರಿಲಿನ್ನಿನ ಕುಲದ್ದೇ ಆದರೂ ಗುಣಭೇದಕ್ಕೆ ಕಾರಣ ಈ ಸೂಕ್ಷ್ಮತೆ. ಇದನ್ನು ಹತ್ತಿಬಟ್ಟೆಯೊಡನೆ ಒಗೆದರೆ ಹತ್ತಿಯ ಎಳೆಗಳನ್ನು ಅಂಟಿಸಿಕೊಳ್ಳುತ್ತದೆ. ಮೃದುಗೊಳಿಸುವ ದ್ರಾವಣ ಹಾಕಿದರೆ ಸಂದುಗಳು ಮುಚ್ಚಿ ನಿರುಪಯುಕ್ತವಾಗುತ್ತದೆ. ವಿಶಾಲವಾದ ಗಾಜಿಗೆ ರಬ್ಬರಿನ ಪಟ್ಟಿಯುಳ್ಳ ವೈಪರ್ ಉತ್ತಮ. ಪ್ರತಿಸಲ ಎಳೆದ ಮೇಲೂ ಪಟ್ಟಿಯನ್ನು ಒರಸತಕ್ಕದ್ದು.

ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ: ಬಿಸಿಲು ಬೀಳದ ಹೊತ್ತನ್ನು ಆರಿಸಿಕೊಳ್ಳಬೇಕು, ಬಿಸಿಗಾಜಿನ ಮೇಲೆ ನೀರು ಒರಸುವ ಮೊದಲೇ ಆರಿಬಿಡುತ್ತದೆ. ಹೊರಮೈಯ ಮಣ್ಣನ್ನು ಮೊದಲು ನೀರು ಹೊಯ್ದು ಇಳಿಸಬೇಕು. ಮೋಸ್ ಮಾನದಲ್ಲಿ ಗಾಜಿನ ಕಾಠಿಣ್ಯ ಸುಮಾರು 5.5, ಮರಳಿನ ಕಣದ್ದು 7. ಆದುದರಿಂದ ಧೂಳಿರುವಾಗಲೇ ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಒಳಮೈಯ ಸೀಮೆಸುಣ್ಣದ ಹುಡಿಯನ್ನು ಮೆತ್ತನೆಯ ಕುಂಚದಿಂದ ಒಣಗಿದ್ದಾಗಲೇ ಉದುರಿಸಬೇಕು. ನೀರು ಸೋಕಿದರೆ ಅದು ಹಾಲಿನಂತೆ ಹರಡುತ್ತದೆ. ಮೊದಲ ಮಳೆಗಳನ್ನು ಬಿಟ್ಟು ಅನಂತರ ಸೂರಿನಿಂದ ಹಿಡಿದ ಮಳೆನೀರು ಮೃದುವಾದುದು, ಕಲೆ ಬಿಡದು. ಒಂದು ಬಟ್ಟೆ ತೇವಕ್ಕೆ, ಮತ್ತೊಂದು ಒಣಗಿಸಲು, ಹೀಗೆ ಎರಡಿರಬೇಕು. ಎರಡು ಬಾರಿ ಮಡಿಸಿದ ಬಟ್ಟೆ ಎಂಟು ಮುಖಗಳನ್ನು ಕೊಡುತ್ತದೆ. ಒಂದು ಮುಖ ಕೊಳೆಯಾದೊಡನೆ ಇನ್ನೊಂದಕ್ಕೆ ತಿರುಗಬೇಕು. ಒಳಮೈಯನ್ನು ಅಡ್ಡಲಾಗಿಯೂ ಹೊರಮೈಯನ್ನು ಮೇಲಿನಿಂದ ಕೆಳಕ್ಕೂ ಒರಸಿದರೆ, ಉಳಿದ ಗೆರೆ ಯಾವ ಮೈಯದೆಂದು ಕೂಡಲೇ ತಿಳಿಯುತ್ತದೆ. ಶಾಲೆಗಳಿಗೆ ಈಗ ಬಂದಿರುವ ಗಣಕಯಂತ್ರದ ಪರದೆಗಳಿಗೆ ಮಾತ್ರ ಪತ್ರಿಕೆಯೂ ಅಮೋನಿಯ ಬೆರೆತ ದ್ರವವೂ ವರ್ಜ್ಯ. ಅವಕ್ಕೆ ಒಣ ಮೈಕ್ರೋಫೈಬರ್ ಸಾಕು.

ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ: ಮೇಲಂತಸ್ತಿನ ಗಾಜಿನ ಹೊರಮೈಯನ್ನು ಒರಸಲು ಮಕ್ಕಳನ್ನು ಎಂದಿಗೂ ನಿಯೋಜಿಸಬಾರದು. ಜವಾನರನ್ನಾದರೂ ಕಿಟಕಿಯ ಅಂಚಿನ ಮೇಲೆ ನಿಲ್ಲಿಸದೆ, ಉದ್ದ ಹಿಡಿಯ ವೈಪರ್ ಒದಗಿಸಬೇಕು. ಗಾಜಿನ ಹೊಳಪು ಒಂದು ಜೀವಕ್ಕಿಂತ ಹಿರಿದಲ್ಲ. ಕಟ್ಟಡಕ್ಕೆ ಉದಾರವಾಗಿ ನೆರವಾದ ದಾನಿಗಳೂ ಹಿರಿಯ ವಿದ್ಯಾರ್ಥಿಗಳೂ ಅದರ ಪೋಷಣೆಯನ್ನೂ ನೆನೆಯುವುದು ಉಚಿತ. ಕಿಟಕಿಯನ್ನು ಒಮ್ಮೆ ಕೊಟ್ಟರೆ ಆಯಿತು. ಅದರ ಬೆಳಕನ್ನು ವರ್ಷವರ್ಷವೂ ಕೊಡಬೇಕಾಗುತ್ತದೆ. ಅದಕ್ಕೆ ಬೇಕಾದ ವೆಚ್ಚ ಅತ್ಯಲ್ಪ: ಒಗೆದು ಮಡಿಸಿದ ಕೆಲವು ಹಳೆಯ ಪಂಚೆಗಳು, ಒಂದೆರಡು ವೈಪರ್, ಮಳೆನೀರಿನ ಒಂದು ಹಂಡೆ.